ಪೊವಾಯಿಯ ಗಾಳ

ಫೋರ್ಟ್ ವಿಭಾಗವೂ ಸೇರಿದಂತೆ ಮುಂಬಯಿಗೆ ಕೊಳಾಯಿ ನೀರನ್ನು ತಂದದ್ದು 1860ರಲ್ಲಿ ಪೂರ್ಣಗೊಂಡ ವಿಹಾರ ಸರೋವರ. ಅನಂತರ 1879ರಲ್ಲಿ ತುಳಸಿ, 1891ರಲ್ಲಿ ಪೊವಾಯಿ ಸೇರಿಕೊಂಡವು. ತುಳಸಿ ತುಂಬಿದರೆ ವಿಹಾರಕ್ಕೆ ಹರಿಯುತ್ತದೆ. ವಿಹಾರ, ಪೊವಾಯಿಗಳ ಹೆಚ್ಚುವರಿ ನೀರು ಮೀಠಿ ನದಿಯನ್ನು ಕೂಡುತ್ತದೆ. ಮೊದಲೆರಡರ ನೀರು ಇಂದಿಗೂ ಕುಡಿಯಲು ಬರುತ್ತದೆ. ಪೊವಾಯಿಯದು ಕುಡಿಯಲು ಅಯೋಗ್ಯ. ಆದರೆ ಗಾಳ ಹಾಕುವವರಿಗೆ ಅದೇ ಪ್ರಿಯ. ರೋಹು, ಕಾಟ್ಲಾ, ಮೃಗಾಲ್‌ಗಳಿಗಾಗಿ ದಡದಲ್ಲಿ ಮೌನವಾಗಿ ಕಾಯುವುದು ಮನಸ್ಸಿಗೆ ಉತ್ತಮ ವಿಶ್ರಾಂತಿಯೇ ಸರಿ. (ಮೊಸಳೆಗಳೂ ಇವೆ, ನೀರಿಗೆ ಕಾಲಿಳಿಸಬಾರದು!)

ಪ್ರಶ್ನೆಯಿರುವುದು ಹಿಡಿದ ಮೀನಿನದು. ಚೆನ್ನಾಗಿ ಬೇಯಿಸಿದರೆ ರೋಗಾಣುಗಳು ಸಾಯುತ್ತವೆ. ಆದರೆ ಕೊಳಚೆಯೊಡನೆ ಬಂದ ಸೀಸ, ಪಾದರಸಗಳು ಮಾಂಸದಲ್ಲಿ ಸೇರಿದ್ದರೆ ಎಷ್ಟು ಕುದಿಸಿದರೂ ಹೋಗವು. ತಳದ ಕೆಸರನ್ನು ಮೇಯುವ ಮೃಗಾಲ್‌ನ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಅಗತ್ಯ. ಗರ್ಭಿಣಿಯರಿಗೂ ಮಕ್ಕಳಿಗೂ ಇಂತಹ ಮೀನನ್ನು ಬಡಿಸಲೇಬಾರದು. ನಾನಂತೂ ಹಿಡಿದುದನ್ನು ನೀರಿಗೇ ಮರಳಿಸುತ್ತೇನೆ.