ರೈಲು ಬಾರದ ಊರಿನ ಮರದ ಮನೆಗಳು

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್‌ಸೆಂಡ್ ಎರಡು ಅಂತಸ್ತಿನ ಊರು. ಕೆಳಗೆ ಕಡಲಿಗೆ ಅಂಟಿಕೊಂಡ ಬಂದರಿನ ಬೀದಿ, ಅದರ ಬೆನ್ನಿಗೇ ಕಡಿದಾದ ದಿಬ್ಬ. ದಿಬ್ಬದ ಮೇಲಿರುವುದು ಅಪ್‌ಟೌನ್: ವಿಕ್ಟೋರಿಯಾ ಕಾಲದ ಶೈಲಿಯ ಗೋಪುರ, ಕೆತ್ತನೆಯ ಜಗಲಿ, ಬಣ್ಣಬಣ್ಣದ ಹಲಗೆಗೋಡೆಗಳ ಮನೆಗಳು.

ಈ ಏರ್ಪಾಡು ಸುಮ್ಮನೆ ಆದದ್ದಲ್ಲ. 1851ರಲ್ಲಿ ವಲಸಿಗರು ನೆಲೆನಿಂತ ಈ ಊರಿಗೆ ಮೂರೇ ವರ್ಷಗಳಲ್ಲಿ ಸುಂಕದ ಕಚೇರಿ ಬಂತು. ಹಡಗುಗಳ ಜೊತೆಗೇ ಹೆಂಡದಂಗಡಿಗಳೂ, ನಾವಿಕರಿಗೆ ಮತ್ತು ಬರಿಸಿ ಇನ್ನೊಂದು ಹಡಗಿಗೆ ಸಾಗಹಾಕುವ ದಲ್ಲಾಳಿಗಳೂ ಬಂದರು. ಮರ್ಯಾದಸ್ಥರು ಸಂಸಾರ ಸಮೇತ ಮೇಲೆ ಹತ್ತಿದರು. ಹೆಂಗಸರು ಕೆಳಗಿಳಿಯದಿರಲೆಂದು ಅಲ್ಲೇ ಬೇರೆ ಅಂಗಡಿಬೀದಿಯೂ ಎದ್ದಿತು. ಆ ಮನೆಗಳ ದುಡ್ಡು ಮಾತ್ರ ಕೆಳಗಿನ ಬಂದರಿನದೇ!

1880ರ ದಶಕದ ಕೊನೆಯಲ್ಲಿ ಊರಿಗೆ ರೈಲಿನ ಹುಚ್ಚು ಹಿಡಿಯಿತು. ಖಂಡ ದಾಟಿ ಬರುವ ಹಳಿ ಇಲ್ಲೇ ಮುಗಿಯುತ್ತದೆ, ಊರು ಮಹಾನಗರವಾಗುತ್ತದೆ ಎಂದು ನಂಬಿ ಜನ ನಿವೇಶನ ಕೊಂಡರು, ಮಾರಿದರು, ಸಾಲ ಮಾಡಿ ಕಟ್ಟಿದರು. ಜನಸಂಖ್ಯೆ 7,000ದ ಹತ್ತಿರ ಬಂತು.

ಆ ಭರಾಟೆಯ ಕಿರೀಟ 1889ರ ಸ್ಟಾರೆಟ್ ಮನೆ. ಮನೆ ಕಟ್ಟುವುದೇ ಕಸುಬಾಗಿದ್ದ ಜಾರ್ಜ್ ಸ್ಟಾರೆಟ್ ಹೆಂಡತಿ ಆ್ಯನ್‌ಗಾಗಿ ಕಟ್ಟಿದ್ದು. ಎಂಟು ಮೂಲೆಯ ಗೋಪುರದೊಳಗೆ ಸುರುಳಿ ಮೆಟ್ಟಿಲು ಸುತ್ತುತ್ತ ಮೇಲೇರುತ್ತದೆ. ನೆತ್ತಿಯ ಗುಮ್ಮಟದಲ್ಲಿ ನಾಲ್ಕು ಋತುಗಳು ಹೆಣ್ಣುರೂಪ ತಾಳಿವೆ. ಅಯನ, ವಿಷುವ ದಿನಗಳಲ್ಲಿ ಕಿರುಕಿಟಕಿಯ ಕೆಂಪು ಗಾಜಿನಿಂದ ತೂರಿದ ಬಿಸಿಲು ಆಯಾ ಋತುವಿನ ಚಿತ್ರದತ್ತ ಬೊಟ್ಟುಮಾಡುವಂತೆ ಲೆಕ್ಕ ಹಾಕಲಾಗಿದೆ. ಬಡಗಿಯ ಕೈ, ಪಂಚಾಂಗದವನ ತಲೆ!

ಹಳಿ ಹಾಕಲು ಹೊರಟ ಒರೆಗಾನ್ ಇಂಪ್ರೂವ್‌ಮೆಂಟ್ ಕಂಪನಿ 1890ರ ನವೆಂಬರ್‌ನಲ್ಲಿ ದಿವಾಳಿಯೆದ್ದಿತು. 1893ರಲ್ಲಿ ದೇಶವ್ಯಾಪಿ ಆರ್ಥಿಕ ಕುಸಿತ. ಸಾವಿರಾರು ಜನ ಗಂಟುಮೂಟೆ ಕಟ್ಟಿದರು. ಉಳಿದವರಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವಷ್ಟು ಕಾಸಿರಲಿಲ್ಲ. ಗೋಪುರಗಳು ಉಳಿದದ್ದು ಹಾಗೆ. ಪರಂಪರೆಯ ಮೇಲಿನ ಪ್ರೀತಿ ಆಮೇಲಿನದು. 1927ರ ಕಾಗದದ ಕಾರ್ಖಾನೆ ಊರಿಗೆ ಕೂಳು ಕೊಟ್ಟಿತು. 1977ರಲ್ಲಿ ಇಡೀ ಪ್ರದೇಶ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆನಿಸಿತು. ಹಲವು ಮನೆಗಳು ಪ್ರವಾಸಿಗರ ವಸತಿಗೃಹಗಳಾದವು.

ಅಲಂಕಾರ ನೋಡಲು ಬಂದವರು ರಾತ್ಸ್‌ಚೈಲ್ಡ್ ಮನೆಯನ್ನು ದಾಟಿಹೋಗುವುದೇ ಹೆಚ್ಚೇನೋ. ವ್ಯಾಪಾರಿಯೊಬ್ಬ 1868ರಲ್ಲಿ, ರೈಲಿನ ಕನಸಿಗೂ ಮೊದಲು ಕಟ್ಟಿಸಿದ ಸಾದಾ ಮನೆ ಅದು. ಗೋಪುರವಿಲ್ಲ, ಗುಮ್ಮಟವಿಲ್ಲ. ಆದರೆ ಒಂದೇ ಕುಟುಂಬ ದಶಕಗಳ ಕಾಲ ಬಾಳಿದ್ದರಿಂದ ಅವರ ಮೇಜು, ಮಂಚ, ಗೋಡೆಕಾಗದಗಳೆಲ್ಲ ಇದ್ದಲ್ಲೇ ಉಳಿದಿವೆ. ಈಗದು ವಸ್ತುಸಂಗ್ರಹಾಲಯ.