ಮಟ್ಟು ಉಳಿಯಬೇಕಾದರೆ: ಹಳ್ಳಿಯ ಹಾಡುಗಾರಿಕೆಯ ಧ್ವನಿಮುದ್ರಣಕ್ಕೆ ತಕ್ಕ ಸಾಧನಗಳು

ತತ್ತ್ವಪದಗಳು ಬಾಯಿಂದ ಬಾಯಿಗೆ ಹರಿದು ಬಂದ ಸಂಪತ್ತು. ಶಿಶುನಾಳ ಶರೀಫರ (೧೮೧೯–೧೮೮೯) ಪದಗಳು ಇಂದು ಅಚ್ಚಿನಲ್ಲಿ ದೊರೆಯುತ್ತವೆ. ಕಡಕೋಳ ಮಡಿವಾಳಪ್ಪನವರ ಪದಗಳೂ ಸಂಕಲನಗೊಂಡಿವೆ. ಆದರೆ ಪುಸ್ತಕವು ಪದವನ್ನು ಕಾಪಾಡುವುದೇ ಹೊರತು ಅದರ ಮಟ್ಟನ್ನು ಕಾಪಾಡಲಾರದು. ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು, ಹಿಮ್ಮೇಳದವರು ಯಾವ ನುಡಿಗೆ ಕೂಡಿಕೊಳ್ಳಬೇಕು ಎಂಬುದೆಲ್ಲ ಹಾಡುವವರ ಕಂಠದಲ್ಲಿಯೇ ನೆಲೆಸಿರುವ ವಿದ್ಯೆ. ಶರೀಫರ ಪದಗಳನ್ನು ನಮ್ಮ ಅನೇಕ ಮನೆಗಳವರು ಸಿ. ಅಶ್ವಥ್ (೧೯೩೯–೨೦೦೯) ಅವರ ಸಂಗೀತ ಸಂಯೋಜನೆಯಲ್ಲಿ ಕೇಳಿ ಬಲ್ಲರು. ಅದರ ಸೊಗಸು ಬೇರೆ. ಏಕತಾರಿ ಹಿಡಿದು ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರ ಮಟ್ಟು ಬೇರೆ. ಮೊದಲನೆಯದು ಎಲ್ಲೆಡೆ ದೊರೆಯುತ್ತದೆ. ಎರಡನೆಯದನ್ನು ಯಾರೂ ಮುದ್ರಿಸಿಕೊಳ್ಳದಿದ್ದರೆ ಅದು ಆ ಹಿರಿಯರೊಡನೆಯೇ ಹೋಗಿಬಿಡುತ್ತದೆ.

ಈ ಕಾರ್ಯಕ್ಕೆ ಹಿಂದೆ ಇದ್ದ ಅಡಚಣೆಗಳು ಈಗ ಇಲ್ಲ. ೧೯೦೨ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದಾಗ, ಗಾಯಕರು ದೊಡ್ಡ ಕಹಳೆಯೊಂದರ ಬಾಯಿಗೆ ಮುಖವೊಡ್ಡಿ, ಸುಮಾರು ಮೂರು ನಿಮಿಷಗಳಲ್ಲಿ ರಾಗವನ್ನು ಮುಗಿಸಬೇಕಾಗಿತ್ತು. ೧೯೫೧ರಲ್ಲಿ ಸ್ಟೀಫನ್ ಕುಡೆಲ್‌ಸ್ಕಿ ಸ್ವಿಟ್ಜರ್ಲೆಂಡಿನಲ್ಲಿ ‘ನಾಗ್ರಾ’ ಎಂಬ ಟೇಪು ಯಂತ್ರವನ್ನು ನಿರ್ಮಿಸಿದ ಮೇಲೆ ಉತ್ತಮ ಮುದ್ರಣವನ್ನು ಹೆಗಲ ಮೇಲೆ ಹೊತ್ತೊಯ್ಯುವುದು ಸಾಧ್ಯವಾಯಿತು. ೧೯೬೩ರಲ್ಲಿ ಫಿಲಿಪ್ಸ್ ಸಂಸ್ಥೆಯು ಕ್ಯಾಸೆಟ್ಟನ್ನು ಹೊರತಂದಿತು. ಮುಂದೆ ಅದು ಮಠಮನೆಗಳನ್ನೆಲ್ಲ ತಲುಪಿತು. ಇಂದಿನ ಮುದ್ರಣಯಂತ್ರವು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು.

ಸಾಧನಗಳು ಸುಲಭವಾದುದರಿಂದ ಆಯ್ಕೆಯ ಗೊಂದಲ ಹೆಚ್ಚಿದೆ. ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾವು ಮುದ್ರಿಸಹೊರಟಿರುವ ಹಾಡು ಎಂತಹುದು?

ಹಾಡಿಗೆ ತಕ್ಕ ಯಂತ್ರ

ಏಕತಾರಿಯ ಪದ ಮೆಲುದನಿಯದು. ಇಲ್ಲಿ ಯಂತ್ರದ್ದೇ ಆದ ‘ಸುಂಯ್’ ಎಂಬ ಸದ್ದು ಕಡಿಮೆಯಿರಬೇಕು. ಭಜನಾ ಮೇಳದಲ್ಲಿ ಹಾರ್ಮೋನಿಯಂ, ತಬಲಾ, ತಾಳಗಳು ಕಂಠವನ್ನು ಮುಚ್ಚಿಬಿಡುತ್ತವೆ. ಆದುದರಿಂದ ಯಂತ್ರವು ಹಾಡುವವರಿಗೆ ಸಮೀಪದಲ್ಲಿರಬೇಕು. ಕರಡಿ ಮಜಲಿನಲ್ಲಿ ಚರ್ಮವಾದ್ಯದ ಪೆಟ್ಟು ಅತಿ ಪ್ರಬಲ. ಅದನ್ನು ತಾಳಿಕೊಳ್ಳುವ ಮೈಕು ಬೇಕು, ದೂರವೂ ಬೇಕು.

ಈ ಮೂರಕ್ಕೂ ಒದಗುವಂತಹುದು, ಎರಡು ಮೈಕುಗಳನ್ನು ತಲೆಯ ಮೇಲೆಯೇ ಹೊಂದಿರುವ ಕೈಯಂತ್ರ. ಜಪಾನಿನ ಜೂಮ್ ಮತ್ತು ಟ್ಯಾಸ್ಕಮ್ ಸಂಸ್ಥೆಗಳ ಯಂತ್ರಗಳು ಈ ವರ್ಗದವು. ಇವುಗಳಲ್ಲಿ ಚಿಕ್ಕವು ಒಬ್ಬಿಬ್ಬರು ಹಾಡುಗಾರರಿಗೆ ಸಾಕು. ಜಾತ್ರೆಯ ವೇದಿಕೆಯಲ್ಲಿ ಮುದ್ರಿಸುವವರಿಗೆ ಜೂಮ್ ಎಚ್‌೪ಎನ್ ಮಾದರಿಯಂತೆ ಹೊರಗಿನ ಎರಡು ಮೈಕುಗಳನ್ನೂ ಜೋಡಿಸಬಹುದಾದ ಯಂತ್ರ ಲೇಸು. ಧ್ವನಿವರ್ಧಕದವರ ಮಿಕ್ಸರಿನಿಂದ ತಂತಿಯ ಮೂಲಕ ಕಂಠವನ್ನು ಪಡೆದು, ಸಭೆಯ ಸೊಲ್ಲನ್ನು ಯಂತ್ರದ ಮೈಕಿನಿಂದಲೇ ಬೇರೆಯಾಗಿ ಪಡೆಯಬಹುದು. ತಂತಿಯೊಂದನ್ನೇ ನಂಬಿದರೆ ಜನರು ದನಿಗೂಡಿಸುವುದು ಮುದ್ರಣದಲ್ಲಿ ಬಾರದು. ಭಜನೆಗೆ ಅದೇ ಜೀವ.

ಮುದ್ರಣವು ‘ವೇವ್’ ರೂಪದಲ್ಲಿ, ೨೪ ಬಿಟ್, ೪೮ ಕಿಲೋಹರ್ಟ್ಸ್ ಪ್ರಮಾಣದಲ್ಲಿರಲಿ. ಇದರಲ್ಲಿ ಒಂದು ಗಂಟೆಯ ಹಾಡು ಸುಮಾರು ಒಂದು ಗಿಗಾಬೈಟ್ ಜಾಗ ಹಿಡಿಯುತ್ತದೆ. ೩೨ ಗಿಗಾಬೈಟಿನ ಕಾರ್ಡೊಂದರಲ್ಲಿ ಮೂವತ್ತು ಗಂಟೆಗಳಷ್ಟು ಹಿಡಿಸಬಹುದು. ಎಂಪಿ೩ ರೂಪವು ಜಾಗವನ್ನು ಉಳಿಸುವುದು ನಾದದ ಅಂಶಗಳನ್ನು ಕಳೆದು. ಕಳೆದುದು ಮತ್ತೆ ಬಾರದು. ಅದು ಹಂಚುವ ಪ್ರತಿಗೆ ಸಾಕು, ಮೂಲಪ್ರತಿಗೆ ಸಲ್ಲದು.

ದನಿಯ ಮಟ್ಟವನ್ನು ಕೈಯಿಂದಲೇ ಹೊಂದಿಸಬೇಕು. ಯಂತ್ರವು ತಾನಾಗಿಯೇ ಹೊಂದಿಸುವ ವ್ಯವಸ್ಥೆಯು ಹಾಡಿನ ಏರಿಳಿತವನ್ನು ಸಮಮಾಡಿ, ಮೌನದಲ್ಲಿ ಸುತ್ತಲಿನ ಗದ್ದಲವನ್ನು ಎತ್ತಿಬಿಡುತ್ತದೆ. ಅತಿ ಗಟ್ಟಿಯಾದ ನುಡಿಯಲ್ಲಿಯೂ ಸೂಚಿಯು ಸೊನ್ನೆಗಿಂತ ಹನ್ನೆರಡು ಡೆಸಿಬೆಲ್ ಕೆಳಗಿದ್ದರೆ ಕ್ಷೇಮ. ಸೊನ್ನೆಯನ್ನು ದಾಟಿ ಒಡೆದ ದನಿಯನ್ನು ಸರಿಪಡಿಸುವುದು ಅಸಾಧ್ಯವೆಂದೇ ಹೇಳಬೇಕು. ೨೦೨೪ರಲ್ಲಿ ಬಂದ ಜೂಮ್ ಎಚ್೧ ಎಸೆನ್ಷಿಯಲ್‌ನಂತಹ ‘೩೨ ಬಿಟ್ ಫ್ಲೋಟ್’ ಯಂತ್ರಗಳಲ್ಲಿ ಈ ಚಿಂತೆ ಬಹುಮಟ್ಟಿಗೆ ಇಲ್ಲ. ಅಭ್ಯಾಸವಿಲ್ಲದವರಿಗೆ ಅವು ಅನುಕೂಲ. ಆದರೆ ಮೈಕೇ ತಾಳಲಾರದಷ್ಟು ದೊಡ್ಡ ದನಿಗೆ ಅವೂ ನಿರುಪಾಯವೇ.

ಬೆಲೆಗಿಂತ ನೆಲೆ ಮುಖ್ಯ

ಎಷ್ಟು ಬೆಲೆಯ ಯಂತ್ರವಾದರೂ ತಪ್ಪಾದ ಸ್ಥಳದಲ್ಲಿಟ್ಟರೆ ನಿಷ್ಪ್ರಯೋಜಕ. ಬಯಲಿನಲ್ಲಿ ದೂರವು ಇಮ್ಮಡಿಯಾದರೆ ದನಿಯ ಮಟ್ಟ ಆರು ಡೆಸಿಬೆಲ್‌ನಷ್ಟು ಇಳಿಯುತ್ತದೆ. ಸುತ್ತಲಿನ ಸದ್ದು ಮಾತ್ರ ಇಳಿಯದು. ಕಲ್ಲಿನ ಗುಡಿಯಲ್ಲಾದರೆ ಗೋಡೆಗಳ ಮರುದನಿ ಸೇರಿ ನುಡಿ ಕಲಸಿಹೋಗುತ್ತದೆ. ಏಕತಾರಿಯವರ ಮುಂದೆ ಮೂರು ನಾಲ್ಕು ಅಡಿಗಳ ಅಂತರದಲ್ಲಿ, ಬಾಯಿಗೂ ವಾದ್ಯಕ್ಕೂ ನಡುವಣ ಎತ್ತರದಲ್ಲಿ ಯಂತ್ರವನ್ನಿಡಬೇಕು. ಕರಡಿ ಮಜಲಿಗೆ ಹದಿನೈದು ಇಪ್ಪತ್ತು ಅಡಿ ದೂರವಿರಲಿ.

ಯಂತ್ರದೊಡನೆ ಕೊಳ್ಳಲೇಬೇಕಾದ ಸಣ್ಣ ಸಾಮಗ್ರಿಗಳು ಕೆಲವಿವೆ. ಕೈಯಲ್ಲಿ ಹಿಡಿದರೆ ಬೆರಳಿನ ಸದ್ದು ಸೇರುವುದರಿಂದ ಮೂರು ಕಾಲಿನ ಚಿಕ್ಕ ಸ್ಟ್ಯಾಂಡು ಬೇಕು. ಬಯಲಿನ ಗಾಳಿ ತಡೆಯಲು ಮೈಕಿಗೆ ತುಪ್ಪಳದ ಗವಸು ಬೇಕು. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಇಲ್ಲದೆ ಮುದ್ರಣಕ್ಕೆ ಕೂಡಬಾರದು; ಕಣ್ಣಿಗೆ ಕಾಣದ ದೋಷ ಕಿವಿಗೆ ಮಾತ್ರ ತಿಳಿಯುತ್ತದೆ. ಗೋಡೆಯ ವಿದ್ಯುತ್ತಿನಿಂದ ‘ಗುಂಯ್’ ಎಂಬ ಸದ್ದು ಸೇರಬಹುದಾದ ಕಾರಣ ಬ್ಯಾಟರಿಯಿಂದಲೇ ನಡೆಸಿ, ಹೆಚ್ಚಿನ ಜೊತೆಯೊಂದನ್ನು ಚೀಲದಲ್ಲಿಟ್ಟುಕೊಳ್ಳುವುದು ಒಳಿತು. ಹಾಡು ಮೊದಲಾಗುವ ಮುನ್ನ ಫ್ಯಾನನ್ನು ನಿಲ್ಲಿಸಬೇಕು. ಹಣವು ಮಿತವಾಗಿದ್ದರೆ ಚಿಕ್ಕ ಯಂತ್ರವನ್ನು ಕೊಂಡು ಈ ಸಾಮಗ್ರಿಗಳನ್ನು ಪೂರ್ಣವಾಗಿ ಕೊಳ್ಳಬೇಕೆಂಬುದು ನಮ್ಮ ಸಲಹೆ. ಏನೂ ಇಲ್ಲದವರು ಮೊಬೈಲಿನಿಂದಲಾದರೂ ಮುದ್ರಿಸಲಿ; ಕರೆಗಳು ಬಾರದಂತೆ ಏರ್‌ಪ್ಲೇನ್ ಮೋಡಿನಲ್ಲಿಟ್ಟು ಹತ್ತಿರದಲ್ಲಿರಿಸಿದರೆ ಅದೂ ಉಪಯುಕ್ತವೇ.

ಮುದ್ರಣದ ಧರ್ಮ

ಹಾಡುವವರ ಒಪ್ಪಿಗೆ ಪಡೆಯುವುದು ಮೊದಲ ಕರ್ತವ್ಯ. ಆರಂಭದಲ್ಲಿಯೇ ಅವರ ಹೆಸರು, ಊರು, ದಿನಾಂಕ, ಪದದ ಮೊದಲ ಸಾಲು, ಅದನ್ನು ಯಾರಿಂದ ಕಲಿತರೆಂಬ ವಿವರ ಇವುಗಳನ್ನು ಬಾಯಿಂದಲೇ ಹೇಳಿ ಮುದ್ರಿಸಬೇಕು. ಚೀಟಿ ಕಳೆದುಹೋದೀತು, ಹಾಡಿನೊಳಗಿನ ಮಾತು ಹಾಡಿನೊಡನೆಯೇ ಇರುತ್ತದೆ. ಮನೆಗೆ ಬಂದ ದಿನವೇ ಎರಡು ಪ್ರತಿಗಳನ್ನು ಮಾಡಿ ಎರಡು ಬೇರೆ ಸ್ಥಳಗಳಲ್ಲಿರಿಸಬೇಕು. ಒಂದನ್ನು ಹಾಡಿದವರ ಮನೆಗೂ ತಲುಪಿಸಬೇಕು. ಅದು ಅವರ ಸೊತ್ತು. ನಾವು ಕೇವಲ ಕಾವಲುಗಾರರು.

ಪ್ರತಿ ಊರಿನಲ್ಲಿಯೂ ಹಳೆಯ ಮಟ್ಟನ್ನು ಬಲ್ಲ ಹಿರಿಯರು ಒಬ್ಬಿಬ್ಬರಾದರೂ ಇದ್ದಾರು. ಓದಿದ ಮಕ್ಕಳು ರಜೆಗೆ ಊರಿಗೆ ಬಂದಾಗ ಒಂದು ಸಂಜೆಯನ್ನು ಅವರ ಬಳಿ ಕಳೆಯಲಿ. ಯಂತ್ರವನ್ನು ನಾಳೆಯೂ ಕೊಳ್ಳಬಹುದು; ಆ ಕಂಠ ನಾಳೆಗೆ ಕಾಯುತ್ತದೆಂದು ಹೇಳಲಾಗದು.