ಸೊಸೈಟಿಯ ಕಿರ್ದಿಯಲ್ಲಿ ಸುಳ್ಳು ಲೆಕ್ಕ: ನ್ಯಾಯಾಲಯಗಳು ಹೇಳಿರುವುದೇನು?

ಸಿಂಧನೂರು ತಾಲ್ಲೂಕಿನ ಸಾಲಗುಂದದಂಥ ಊರಿನಲ್ಲಿ ಭತ್ತದ ನಾಟಿಗೆ ಮುಂಚೆ ರೈತ ಕೇಳುವುದು ಎರಡು ಮಾತು: ಎಡದಂಡೆ ಕಾಲುವೆಗೆ ನೀರು ಬಂತೇ? ಸೊಸೈಟಿಯಲ್ಲಿ ಬೆಳೆಸಾಲ ಸಿಕ್ಕೀತೇ? ಕಟ್ಟಿದ ಸಾಲ ಕಿರ್ದಿಗೆ ಏರದಿದ್ದರೆ ಪ್ರಾಮಾಣಿಕನೂ ಸುಸ್ತಿದಾರನಾಗುತ್ತಾನೆ. ಆದ್ದರಿಂದ ಈ ವಿಷಯದ ಕಾನೂನನ್ನು ರೈತಬಾಂಧವರು ತಿಳಿದಿರಬೇಕು.

ಲೆಕ್ಕ ತಿದ್ದುವುದು ಭಾರತೀಯ ದಂಡ ಸಂಹಿತೆಯ 477ಎ ಕಲಮಿನ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 344ನೆಯ ಕಲಮು ಆ ಜಾಗಕ್ಕೆ ಬಂದಿದೆ. ಶಿಕ್ಷೆ ಏಳು ವರ್ಷದವರೆಗೆ. ಸುಳ್ಳು ಬರೆಯುವುದಷ್ಟೇ ಅಲ್ಲ, ಬರೆಯಬೇಕಾದುದನ್ನು ಮೋಸದಿಂದ ಬಿಡುವುದೂ ಇದರಲ್ಲಿ ಸೇರಿದೆ.

ಹಾಗೆಂದು ಪ್ರತಿ ತಪ್ಪು ನಮೂದೂ ಅಪರಾಧವಲ್ಲ. ರೈಲ್ವೆ ಗುಮಾಸ್ತ ಹರ್ನಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1976ರಲ್ಲಿ ಇದನ್ನು ಬಿಡಿಸಿ ಹೇಳಿತು. ಆರೋಪಿ ಗುಮಾಸ್ತನೋ ಅಧಿಕಾರಿಯೋ ನೌಕರನೋ ಆಗಿರಬೇಕು. ಆ ಕೆಲಸದಲ್ಲಿದ್ದುಕೊಂಡೇ ದಾಖಲೆ ಕೆಡಿಸಿರಬೇಕು. ಅದನ್ನು ಬೇಕೆಂದೇ, ವಂಚಿಸುವ ಉದ್ದೇಶದಿಂದ ಮಾಡಿರಬೇಕು. ಕೈತಪ್ಪಿ 5,300 ಎಂಬುದು 3,500 ಆದರೆ ಜೈಲಿಲ್ಲ. ಆದರೆ ಹತ್ತು ಮಂದಿಯ ಖಾತೆಯಲ್ಲಿ ಅದೇ ಕೈತಪ್ಪು, ಪ್ರತಿ ಸಲವೂ ರೈತನಿಗೇ ನಷ್ಟ ಎಂದರೆ ಅದು ಎಂಥ ಕೈತಪ್ಪು? “ಹಣ ವಾಪಸು ತುಂಬಿದ್ದೇನಲ್ಲ” ಎಂಬ ಮಾತೂ ಸಾಲದು. ಪರರ ಹಣವನ್ನು ಅಪ್ರಾಮಾಣಿಕತೆಯಿಂದ ನಾಲ್ಕು ದಿನ ಬಳಸಿಕೊಂಡರೂ ಕಾನೂನಿನ ಕಣ್ಣಿನಲ್ಲಿ ಅದು ದುರುಪಯೋಗವೇ.

ಸೊಸೈಟಿಯ ಅಧ್ಯಕ್ಷ, ಕಾರ್ಯದರ್ಶಿಗಳು ಸಾರ್ವಜನಿಕ ನೌಕರರೇ? ಮಹಾರಾಷ್ಟ್ರದ ಲಲ್ಜಿತ್ ರಾಜಶಿ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲಿ ಅಲ್ಲವೆಂದಿತು. ಆದರೆ ಅದು ದಂಡ ಸಂಹಿತೆ ಮತ್ತು 1947ರ ಹಳೆಯ ಭ್ರಷ್ಟಾಚಾರ ಕಾಯ್ದೆಯ ಮಾತು. 1988ರ ಭ್ರಷ್ಟಾಚಾರ ನಿಗ್ರಹ ಕಾಯ್ದೆಯು ಕೃಷಿ, ಬ್ಯಾಂಕಿಂಗ್ ಮೊದಲಾದ ವ್ಯವಹಾರ ನಡೆಸುವ, ಸರ್ಕಾರದ ನೆರವು ಪಡೆದ ನೋಂದಾಯಿತ ಸಹಕಾರ ಸಂಘದ ಪದಾಧಿಕಾರಿಗಳನ್ನು ಹೆಸರಿಸಿಯೇ ಸೇರಿಸಿದೆ. ಹಳೆಯ ತೀರ್ಪು ತೋರಿಸಿ ಯಾರಾದರೂ ಹೆದರಿಸಿದರೆ ಇದನ್ನು ನೆನಪಿಡಿ.

ಲಂಚದ ಮೊಕದ್ದಮೆಗಳ ಕಷ್ಟ ಬೇರೆ. ಆಂಧ್ರದ ಬಿ. ಜಯರಾಜ್ ಪ್ರಕರಣದಲ್ಲಿ (2014) ದೂರುದಾರನೇ ತಿರುಗಿಬಿದ್ದ. ನೋಟು ಸಿಕ್ಕಿದರಷ್ಟೇ ಸಾಲದು, ಲಂಚ ಕೇಳಿದ್ದು ರುಜುವಾಗಬೇಕು ಎಂದು ನ್ಯಾಯಾಲಯ ಆರೋಪಿಯನ್ನು ಬಿಟ್ಟಿತು. 2022ರ ಡಿಸೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ದೂರುದಾರ ಸತ್ತರೂ ತಿರುಗಿಬಿದ್ದರೂ ಬೇರೆ ಸಾಕ್ಷ್ಯ, ಸಂದರ್ಭಗಳಿಂದ ಅದನ್ನು ರುಜುಪಡಿಸಬಹುದೆಂದಿತು. 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವನೂ ಅಪರಾಧಿಯೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು.

ಲಂಚದ ದೂರನ್ನು ಲೋಕಾಯುಕ್ತ ಪೊಲೀಸರಿಗೆ ಕೊಡಿ. ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟು 2022ರ ಆಗಸ್ಟಿನಲ್ಲಿ ರದ್ದುಮಾಡಿದೆ. ಸೊಸೈಟಿಯ ಲೆಕ್ಕದ ತಕರಾರಿಗೆ ರಾಯಚೂರಿನ ಸಹಕಾರ ಸಂಘಗಳ ಉಪನಿಬಂಧಕರಿಗೆ ಬರೆಯಿರಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೆಯ ಕಲಮಿನಂತೆ ವಿಚಾರಣೆಗೆ ಅವಕಾಶವಿದೆ. ಅರ್ಜಿಯ ಜೊತೆ ರಸೀದಿಯ, ಪಾಸ್‌ಬುಕ್ಕಿನ ನಕಲನ್ನಷ್ಟೇ ಲಗತ್ತಿಸಿ. ಅಸಲು ಮನೆಯ ಪೆಟ್ಟಿಗೆಯಲ್ಲೇ ಇರಲಿ.